ಬಿಲ್ ಒಬ್ಬರದು, ಬಟನ್ ಇನ್ನೊಬ್ಬರದು

ದೊಡ್ಡ ಕಂಪನಿಗಳಲ್ಲಿ ಸರ್ವರ್ ಕೊಳ್ಳುವುದು ಐಟಿ ವಿಭಾಗ. ಆ ಸರ್ವರ್ ಉಣ್ಣುವ ಕರೆಂಟಿನ ಬಿಲ್ ಕಟ್ಟುವುದು ಕಟ್ಟಡ ನೋಡಿಕೊಳ್ಳುವ ಆಡಳಿತ ವಿಭಾಗ. ಆ ಕರೆಂಟಿನಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂದು ವರ್ಷಕ್ಕೊಮ್ಮೆ ವರದಿ ಬರೆಯುವುದು ಮೂರನೆಯವರು, ಸುಸ್ಥಿರತೆಯ ಅಧಿಕಾರಿ. ಮೂವರೂ ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ, ಆದರೆ ಒಂದೇ ಮೀಟಿಂಗಿನಲ್ಲಿ ಕೂರುವುದು ಅಪರೂಪ. ಕೊಂಡವರಿಗೆ ಬಿಲ್ ಕಾಣದು. ಬಿಲ್ ಕಟ್ಟುವವರಿಗೆ ಆ ಪೆಟ್ಟಿಗೆ ಒಳಗೆ ಏನು ಮಾಡುತ್ತಿದೆ ಎಂದು ತಿಳಿಯದು. ವರದಿ ಬರೆಯುವವರ ಕೈಗೆ ಯಾವ ಬಟನ್ನೂ ಎಟುಕದು.

‘ಹಸಿರು ಐಟಿ’ ಎಂದ ಕೂಡಲೇ ಚಾವಣಿಯ ಮೇಲಿನ ಸೌರಫಲಕ, ಕ್ಯಾಂಪಸ್ಸಿನಲ್ಲಿ ನೆಟ್ಟ ಹೊಂಗೆ ಸಸಿ, ಜೂನ್ 5ರಂದು ಸಿಬ್ಬಂದಿಗೆ ಹಂಚಿದ ಬಟ್ಟೆ ಚೀಲ ನೆನಪಿಗೆ ಬರುತ್ತವೆ. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಒಂದು ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಎಷ್ಟು ಇಂಗಾಲ ಉಗುಳುತ್ತದೆ ಎಂಬುದು ತೀರ್ಮಾನವಾಗುವ ಜಾಗಗಳು ಬೇರೆಯೇ ಇವೆ. ಖರೀದಿ ಆರ್ಡರಿಗೆ ಸಹಿ ಬೀಳುವಾಗ, ಸಾಫ್ಟ್‌ವೇರಿನ ನಕ್ಷೆ ಹಾಕುವಾಗ, ಹಳೆಯ ಯಂತ್ರವನ್ನು ಆರಿಸಬೇಕೋ ಬೇಡವೋ ಎಂಬ ಮಾತು ಬಂದಾಗ ಅದು ನಿರ್ಧಾರವಾಗುತ್ತದೆ. ಮೂರೂ ಫೋಟೊ ತೆಗೆಯುವಂಥ ಗಳಿಗೆಗಳಲ್ಲ.

ಸತ್ತಂತಿದ್ದೂ ಉಣ್ಣುವವು

ಅಮೆರಿಕದ ಜೊನಾಥನ್ ಕೂಮಿ ಡೇಟಾ ಸೆಂಟರ್‌ಗಳ ವಿದ್ಯುತ್ ಬಳಕೆಯನ್ನು ದಶಕಗಳಿಂದ ಲೆಕ್ಕ ಹಾಕುತ್ತಾ ಬಂದ ಸಂಶೋಧಕ. 2015ರಲ್ಲಿ ಅವರು ಮತ್ತು ಸಹಲೇಖಕರು ಸುಮಾರು 4,000 ಸರ್ವರ್‌ಗಳ ದತ್ತಾಂಶ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಅವುಗಳಲ್ಲಿ ಶೇ 30ರಷ್ಟು ಸರ್ವರ್‌ಗಳು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಉಪಯೋಗಕ್ಕೆ ಬರುವ ಒಂದು ಕೆಲಸವನ್ನೂ ಮಾಡಿರಲಿಲ್ಲ. ಹಾಗೆಂದು ಅವು ಆರಿರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ದೀಪ ಮಿನುಗುತ್ತಿತ್ತು, ಅವನ್ನು ತಂಪಾಗಿಡಲು ಏಸಿಯೂ ಓಡುತ್ತಿತ್ತು. ಅಧ್ಯಯನ ಇವನ್ನು ‘ಕೋಮಾದಲ್ಲಿರುವ ಸರ್ವರ್‌ಗಳು’ ಎಂದು ಕರೆಯಿತು.

ಆರಿಸಲು ಏನು ಕಷ್ಟ? ಐಟಿಯಲ್ಲಿ ದುಡಿದವರನ್ನು ಕೇಳಿ ನೋಡಿ, ಉತ್ತರ ತಟ್ಟನೆ ಬರುತ್ತದೆ. ಐದು ವರ್ಷದ ಹಿಂದೆ ಯಾವುದೋ ಪ್ರಾಜೆಕ್ಟಿಗೆಂದು ಯಾರೋ ಆ ಸರ್ವರ್ ಹಾಕಿಸಿದ್ದರು. ಪ್ರಾಜೆಕ್ಟ್ ಮುಗಿಯಿತು, ಮ್ಯಾನೇಜರ್ ಕಂಪನಿ ಬಿಟ್ಟರು, ದಾಖಲೆ ಯಾರದೋ ಹಳೆಯ ಮೇಲ್‌ಬಾಕ್ಸಿನೊಂದಿಗೆ ಅಳಿಸಿಹೋಯಿತು. ಈಗ ಅದನ್ನು ಆರಿಸಿದರೆ ತಿಂಗಳ ಕೊನೆಗೆ ಸಂಬಳದ ಫೈಲ್ ಬರದೇ ಹೋದರೆ? ಆರಿಸಿ ಅನಾಹುತವಾದರೆ ಆರಿಸಿದವನ ಹೆಸರು ಮೊದಲು ಬರುತ್ತದೆ. ಆರಿಸದೆ ಬಿಟ್ಟರೆ ಯಾರ ಹೆಸರೂ ಬರುವುದಿಲ್ಲ. ‘ನಡೀತಿದೆ ತಾನೆ, ಮುಟ್ಟಬೇಡ’ ಎಂಬುದು ನಮ್ಮ ಸಪೋರ್ಟ್ ತಂಡಗಳ ಅಲಿಖಿತ ಕಾನೂನು. ಅದರಲ್ಲಿ ವಿವೇಕವೂ ಇದೆ, ಪುಕ್ಕಲುತನವೂ ಇದೆ. ಎರಡಕ್ಕೂ ತೆರುವ ದುಡ್ಡು ಮಾತ್ರ ಕಟ್ಟಡದ ಕರೆಂಟ್ ಬಿಲ್ಲಿನಲ್ಲಿ ಲಿಫ್ಟು, ದೀಪಗಳ ಲೆಕ್ಕದ ಜೊತೆ ಬೆರೆತು ಹೋಗುತ್ತದೆ.

ಎಲ್ಲವನ್ನೂ ಕ್ಲೌಡಿಗೆ ಸಾಗಿಸಿದರೆ ಈ ತೊಂದರೆ ತೀರುತ್ತದೆ ಎಂಬ ನಂಬಿಕೆ ಒಂದಿತ್ತು. ಅರ್ಧ ನಿಜ. ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್‌ಗಳ ದೈತ್ಯ ಡೇಟಾ ಸೆಂಟರ್‌ಗಳು ಕಚೇರಿಯ ಮೂಲೆಯ ಸರ್ವರ್ ಕೋಣೆಗಿಂತ ಎಷ್ಟೋ ಮಿತವ್ಯಯಿ. ಎರಿಕ್ ಮಾಸನೆಟ್, ಅರ್ಮನ್ ಶೆಹಾಬಿ, ಕೂಮಿ ಮೊದಲಾದವರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, 2010ರಿಂದ 2018ರವರೆಗೆ ಜಗತ್ತಿನ ಡೇಟಾ ಸೆಂಟರ್‌ಗಳು ಮಾಡುವ ಕೆಲಸ ಶೇ 550ರಷ್ಟು ಹೆಚ್ಚಿದರೂ ಅವು ಉಂಡ ವಿದ್ಯುತ್ ಹೆಚ್ಚಿದ್ದು ಶೇ 6ರಷ್ಟು ಮಾತ್ರ. ಸಣ್ಣ ಸರ್ವರ್ ಕೋಣೆಗಳನ್ನು ಬಿಟ್ಟು ದೊಡ್ಡ ಕೇಂದ್ರಗಳಿಗೆ ವಲಸೆ ಹೋದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಇನ್ನರ್ಧ ಹೀಗಿದೆ. ಮೊದಲು ಸರ್ವರ್ ಬೇಕೆಂದರೆ ಅರ್ಜಿ ಬರೆದು, ಮೂರು ಸಹಿ ಹಾಕಿಸಿ, ಎರಡು ತಿಂಗಳು ಕಾಯಬೇಕಿತ್ತು. ಕ್ಲೌಡಿನಲ್ಲಿ ಎರಡು ನಿಮಿಷ ಸಾಕು. ಸುಲಭವಾಗಿ ಸಿಕ್ಕಿದ್ದು ಸುಲಭವಾಗಿ ಮರೆತೂ ಹೋಗುತ್ತದೆ. ಸಾಫ್ಟ್‌ವೇರ್ ಪರೀಕ್ಷಿಸಲೆಂದು ಎಬ್ಬಿಸಿದ ಸರ್ವರ್‌ಗಳ ಲೆಕ್ಕವನ್ನೇ ನೋಡಿ. ವಾರಕ್ಕೆ 168 ಗಂಟೆ. ಪರೀಕ್ಷಿಸುವ ತಂಡ ದಿನಕ್ಕೆ 10 ಗಂಟೆಯಂತೆ ಐದು ದಿನ ದುಡಿದರೆ 50 ಗಂಟೆ. ಉಳಿದ 118 ಗಂಟೆ, ಅಂದರೆ ಶೇ 70ರಷ್ಟು ಸಮಯ, ಆ ಯಂತ್ರಗಳು ಯಾರಿಗಾಗಿಯೂ ಅಲ್ಲದೆ ಎಚ್ಚರವಾಗಿರುತ್ತವೆ. ಸಂಜೆ ತಾನಾಗಿ ಮಲಗಿ ಬೆಳಿಗ್ಗೆ ತಾನಾಗಿ ಏಳುವಂತೆ ಮಾಡಲು ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. ಕ್ಲೌಡಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ಉಳಿತಾಯ ಮರುತಿಂಗಳ ಬಿಲ್ಲಿನಲ್ಲೇ ಕಾಣಿಸುತ್ತದೆ. ಹಣ ಮತ್ತು ಇಂಗಾಲ ಒಂದೇ ಬಟನ್ನಿಗೆ ಕಟ್ಟಿಕೊಂಡಿರುವ ಇಂಥ ಜಾಗಗಳಿಂದ ಶುರು ಮಾಡುವುದು ಜಾಣತನ. ಪರಿಸರಪ್ರೇಮ ಇಲ್ಲದ ಹಣಕಾಸು ಅಧಿಕಾರಿಯೂ ಇಲ್ಲಿ ನಿಮ್ಮ ಪಕ್ಷಕ್ಕೆ ಬರುತ್ತಾರೆ.

ಇಲ್ಲೇ ಅಂಕಿಗಳ ಒಂದು ತಮಾಷೆಯನ್ನು ಹೇಳಿಬಿಡಬೇಕು. ಡೇಟಾ ಸೆಂಟರಿನ ಮಿತವ್ಯಯವನ್ನು ಅಳೆಯಲು ‘ಪಿಯುಇ’ ಎಂಬ ಅಳತೆಯಿದೆ. ಗ್ರೀನ್ ಗ್ರಿಡ್ ಎಂಬ ಉದ್ಯಮ ಒಕ್ಕೂಟ 2007ರ ಹೊತ್ತಿಗೆ ಅದನ್ನು ಚಾಲ್ತಿಗೆ ತಂದಿತು. ಇಡೀ ಕೇಂದ್ರ ಬಳಸುವ ವಿದ್ಯುತ್ತನ್ನು ಕಂಪ್ಯೂಟರ್‌ಗಳಷ್ಟೇ ಬಳಸುವ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1 ಬಂದರೆ ಪರಿಪೂರ್ಣ. ಗೂಗಲ್ ತನ್ನ ಕೇಂದ್ರಗಳ ಸರಾಸರಿಯನ್ನು 1.1ರ ಆಸುಪಾಸಿಗೆ ಇಳಿಸಿದೆ. ಈಗ ಒಂದು ಕೇಂದ್ರದಲ್ಲಿ ಕಂಪ್ಯೂಟರ್‌ಗಳು 1,000 ಕಿಲೊವಾಟ್, ಒಟ್ಟು ಕೇಂದ್ರ 1,500 ಕಿಲೊವಾಟ್ ಬಳಸುತ್ತಿವೆ ಎನ್ನಿ. ಪಿಯುಇ 1.5. ಕೋಮಾದಲ್ಲಿದ್ದ 300 ಕಿಲೊವಾಟ್‌ನಷ್ಟು ಸರ್ವರ್‌ಗಳನ್ನು ಧೈರ್ಯ ಮಾಡಿ ಆರಿಸಿದಿರಿ. ಕೂಲಿಂಗ್ ಕೂಡ ಸ್ವಲ್ಪ ಇಳಿದು ಒಟ್ಟು ಬಳಕೆ 1,130ಕ್ಕೆ ಬಂತು. ಉಳಿತಾಯ 370 ಕಿಲೊವಾಟ್, ಭಲೇ. ಆದರೆ 1,130ನ್ನು 700ರಿಂದ ಭಾಗಿಸಿ: ಪಿಯುಇ 1.61. ಅಂಕಪಟ್ಟಿಯಲ್ಲಿ ನೀವು ಫೇಲು! ಆ ಒಂದೇ ಸಂಖ್ಯೆಗೆ ಬೋನಸ್ ಕಟ್ಟಿದ ಕಂಪನಿಯಲ್ಲಿ ಯಾವ ಮ್ಯಾನೇಜರ್ ಸರ್ವರ್ ಆರಿಸಿಯಾನು?

ಲ್ಯಾಪ್‌ಟಾಪಿನ ಆಯಸ್ಸು

ಸರ್ವರ್‌ಗಳ ಕಥೆ ಕರೆಂಟಿನದು. ಸಿಬ್ಬಂದಿಯ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪಿನ ಕಥೆ ಅದಕ್ಕೆ ತದ್ವಿರುದ್ಧ. ಸರಾಸರಿ 20 ವಾಟ್‌ನಂತೆ ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಓಡುವ ಲ್ಯಾಪ್‌ಟಾಪ್ ಬಳಸುವುದು 40 ಯೂನಿಟ್. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಅಂದರೆ ವರ್ಷಕ್ಕೆ 28 ಕೆ.ಜಿ. ಆದರೆ ಅದೇ ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಬರುವ ಹೊತ್ತಿಗೆ ಅದರ ಹೆಸರಿನಲ್ಲಿ 150ರಿಂದ 250 ಕೆ.ಜಿ. ಇಂಗಾಲ ಹೊಮ್ಮಿ ಆಗಿರುತ್ತದೆ. ಚಿಪ್ಪು, ಪರದೆ, ಅಲ್ಯುಮಿನಿಯಂ ಎಲ್ಲವೂ ಶಕ್ತಿ ಬಕಾಸುರರೇ. ಈ ಲೆಕ್ಕ ಪರಿಸರ ಸಂಘಟನೆಗಳು ಹಾಕಿದ್ದಲ್ಲ, ತಯಾರಕರೇ ತಮ್ಮ ಮಾದರಿಗಳ ಬಗ್ಗೆ ಪ್ರಕಟಿಸುವಂಥದ್ದು.

ಮಧ್ಯದ ಸಂಖ್ಯೆ 200 ಕೆ.ಜಿ. ಇಟ್ಟುಕೊಳ್ಳೋಣ. ಮೂರು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುವ ಕಂಪನಿಯಲ್ಲಿ ತಯಾರಿಕೆಯ ಪಾಲು ವರ್ಷಕ್ಕೆ 67 ಕೆ.ಜಿ. ಐದು ವರ್ಷ ಬಳಸಿದರೆ 40. ವ್ಯತ್ಯಾಸ ಸುಮಾರು 27 ಕೆ.ಜಿ. 20,000 ಉದ್ಯೋಗಿಗಳಿರುವ ಕಂಪನಿಯಲ್ಲಿ ಇದು ವರ್ಷಕ್ಕೆ 530 ಟನ್ ದಾಟುತ್ತದೆ. ಇಷ್ಟಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಸಲಹೆಗಾರರ ಪವರ್‌ಪಾಯಿಂಟ್ ಬೇಕಿಲ್ಲ. ಬ್ಯಾಟರಿ ಬದಲಿಸಿ, ಒಂದಿಷ್ಟು ರ‍್ಯಾಮ್ ಹೆಚ್ಚಿಸಿ, ಬಳಕೆಯ ನೀತಿಯಲ್ಲಿ ‘ಮೂರು’ ಇದ್ದಲ್ಲಿ ‘ಐದು’ ಎಂದು ಬರೆದರೆ ಆಯಿತು.

ಬರೆದರೆ ಆಯಿತು ಎಂದೆ; ಅಷ್ಟು ಸಲೀಸಲ್ಲ. ಯಂತ್ರದ ಆಯಸ್ಸನ್ನು ನಿರ್ಧರಿಸುವುದು ಎಷ್ಟೋ ಸಲ ಸಾಫ್ಟ್‌ವೇರ್. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಿಕೊಳ್ಳಲು ನಿರ್ದಿಷ್ಟ ಭದ್ರತಾ ಚಿಪ್ಪು, ನಿರ್ದಿಷ್ಟ ತಲೆಮಾರಿನ ಪ್ರೊಸೆಸರ್ ಬೇಕು. ಈ ಕಾರಣಕ್ಕೆ ಸುಮಾರು 24 ಕೋಟಿ ಪಿಸಿಗಳು ಕಸದ ದಾರಿ ಹಿಡಿಯಬಹುದು ಎಂದು ಕೆನಾಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ ಮೊದಲೇ ಅಂದಾಜಿಸಿತ್ತು. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಎಕ್ಸೆಲ್ ತೆರೆಯುತ್ತದೆ, ಆದರೂ ಭದ್ರತಾ ವಿಭಾಗ ‘ಇದು ನೆಟ್‌ವರ್ಕಿಗೆ ಬರುವ ಹಾಗಿಲ್ಲ’ ಎನ್ನುತ್ತದೆ. ಅವರ ಮಾತೂ ತಪ್ಪಲ್ಲ. ಹಾಗಾಗಿ ಇಂದು ಕೊಳ್ಳುವ ಯಂತ್ರಕ್ಕೆ ಎಷ್ಟು ವರ್ಷ ಸಾಫ್ಟ್‌ವೇರ್ ಬೆಂಬಲ ಸಿಗುತ್ತದೆ ಎಂದು ಟೆಂಡರಿನಲ್ಲೇ ಕೇಳಬೇಕು. ವಾರಂಟಿ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ.

ಆಯಸ್ಸು ಮುಗಿದ ಮೇಲೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ಇ-ತ್ಯಾಜ್ಯ ವರದಿ ಹೇಳುವಂತೆ 2022ರಲ್ಲಿ ಜಗತ್ತು ಎಸೆದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾಖಲೆಯೊಂದಿಗೆ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಬೆಂಗಳೂರಿಗೆ ಈ ವಿಷಯದಲ್ಲಿ ಎರಡು ಮುಖಗಳಿವೆ. ಒಂದು, ಎಸ್.ಪಿ. ರಸ್ತೆಯ ಗಲ್ಲಿಗಳು, ಸತ್ತ ಮದರ್‌ಬೋರ್ಡಿಗೆ ಮರುಜೀವ ಕೊಡುವ, ಹಳೆಯ ಮಾನಿಟರ್ ಬಿಚ್ಚಿ ಮೂರು ಮಾನಿಟರಿಗೆ ಬಿಡಿಭಾಗ ಹಂಚುವ ಕೈಗಳು ಅಲ್ಲಿವೆ. ಪರಿಸರದ ಭಾಷಣ ಕೇಳದೆಯೇ ಮರುಬಳಕೆ ಮಾಡುತ್ತಾ ಬಂದ ಜನ. ಇನ್ನೊಂದು, ಡಾಬಸ್‌ಪೇಟೆಯ ಇ-ಪರಿಸರ. 2005ರಲ್ಲಿ ಶುರುವಾದ ಅದು ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳ ಪ್ರಕಾರ ಕನಿಷ್ಠ 1,000 ಉಪಕರಣ ಬಳಸುವ ಸಂಸ್ಥೆ ‘ಬೃಹತ್ ಬಳಕೆದಾರ’. ತನ್ನ ಕಸವನ್ನು ನೋಂದಾಯಿತ ಮರುಬಳಕೆದಾರರು, ತಯಾರಕರು, ದುರಸ್ತಿದಾರರ ಕೈಗೇ ಕೊಡಬೇಕು, ಗುಜರಿಗೆ ಹಾಕುವಂತಿಲ್ಲ. ನಿಯಮ ಸರಿಯೇ. ಆದರೆ ಇನ್ನೊಂದು ಪೋಲು ಗಮನಕ್ಕೆ ಬರುವುದಿಲ್ಲ. ದತ್ತಾಂಶ ಸೋರಿಕೆಯ ಭಯಕ್ಕೆ ಕಂಪನಿಗಳು ಚೆನ್ನಾಗಿರುವ ಹಾರ್ಡ್‌ಡಿಸ್ಕುಗಳನ್ನೂ ಪುಡಿ ಮಾಡಿಸುತ್ತವೆ. ಡಿಸ್ಕನ್ನು ಮೊದಲ ದಿನವೇ ಗೂಢಲಿಪೀಕರಿಸಿ ಇಟ್ಟಿದ್ದರೆ ಕೊನೆಯ ದಿನ ಕೀಲಿಯನ್ನಷ್ಟೇ ಅಳಿಸಿದರೆ ಸಾಕು, ಒಳಗಿನದನ್ನು ಯಾರೂ ಓದಲಾರರು. ಆಮೇಲೆ ಆ ಯಂತ್ರ ಯಾವುದಾದರೂ ಸರ್ಕಾರಿ ಶಾಲೆಯಲ್ಲಿ ಇನ್ನೂ ಮೂರು ವರ್ಷ ದುಡಿಯಬಲ್ಲದು. ಇದನ್ನೂ ಕೊಳ್ಳುವಾಗಲೇ ಯೋಚಿಸಬೇಕು.

ವಿಪ್ರೊ ಕಂಪನಿ ಒಂದು ಕಾಲಕ್ಕೆ ಕಂಪ್ಯೂಟರನ್ನೂ ತಯಾರಿಸುತ್ತಿತ್ತು ಎಂಬುದು ಹೊಸ ಪೀಳಿಗೆಗೆ ಗೊತ್ತಿರಲಾರದು. 2005ರಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಬೆಂಗಳೂರಿನ ಅದರ ಮುಖ್ಯ ಕಚೇರಿಯ ಎದುರು ಇ-ತ್ಯಾಜ್ಯ ತಂದು ಸುರಿದು ಪ್ರತಿಭಟಿಸಿದ್ದರು. ಆಮೇಲೆ ಕಂಪನಿ ಹಳೆಯ ಯಂತ್ರ ವಾಪಸು ಪಡೆಯುವ ವ್ಯವಸ್ಥೆ ಮಾಡಿತು, ವಿಷಕಾರಿ ರಾಸಾಯನಿಕಗಳನ್ನು ಕೈಬಿಡತೊಡಗಿತು. 2012ರಲ್ಲಿ ಅದೇ ಗ್ರೀನ್‌ಪೀಸಿನ ‘ಹಸಿರು ಎಲೆಕ್ಟ್ರಾನಿಕ್ಸ್’ ಪಟ್ಟಿಯಲ್ಲಿ ವಿಪ್ರೊ ಜಗತ್ತಿಗೇ ಮೊದಲ ಸ್ಥಾನ ಪಡೆಯಿತು. ಮರುವರ್ಷ ಕಂಪ್ಯೂಟರ್ ತಯಾರಿಕೆಯನ್ನೇ ನಿಲ್ಲಿಸಿತು. ಮಾರುಕಟ್ಟೆ ಅಂಕಪಟ್ಟಿ ನೋಡಿ ಕೊಳ್ಳುವುದಿಲ್ಲ.

ಅರ್ಧ ಕಟ್ಟಡದ ಪ್ರಯೋಗ

ಅಳೆಯದೆ ನಂಬುವುದಕ್ಕೂ ಅಳೆದು ನಂಬುವುದಕ್ಕೂ ಇರುವ ಅಂತರ ತಿಳಿಯಬೇಕಾದರೆ ಇನ್ಫೊಸಿಸ್ಸಿನ ಹೈದರಾಬಾದ್ ಬಳಿಯ ಪೋಚಾರಂ ಕ್ಯಾಂಪಸ್ ನೋಡಬೇಕು. ಐಟಿ ಸೇವಾ ಕಂಪನಿಯ ಕರೆಂಟಿನಲ್ಲಿ ದೊಡ್ಡ ಪಾಲು ಹೋಗುವುದು ಕಟ್ಟಡ ತಂಪು ಮಾಡಲು. 2011ರ ಹೊತ್ತಿಗೆ ಅಲ್ಲಿ ಎದ್ದ ಎಸ್‌ಡಿಬಿ-1 ಎಂಬ ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿದರು. ಎಡ ಬಲ ಒಂದೇ ತೆರನ ಗೋಡೆ, ಒಂದೇ ತೆರನ ಕಿಟಕಿ, ಒಂದೇ ಸಂಖ್ಯೆಯ ಜನ. ಒಂದು ಪಾಲಿಗೆ ಗಾಳಿ ಊದುವ ಮಾಮೂಲಿ ಏಸಿ, ಅದೂ ಸಾಧ್ಯವಾದಷ್ಟು ಉತ್ತಮವಾದದ್ದು. ಇನ್ನೊಂದು ಪಾಲಿನಲ್ಲಿ ಕಾಂಕ್ರೀಟ್ ಚಾವಣಿಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಂಪು ನೀರು ಹರಿಸುವ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್.

ನೀರು ಹರಿಯುವ ಪಾಲು ತಂಪು ಮಾಡಲು ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಕಟ್ಟುವ ಖರ್ಚೂ ತುಸು ಕಡಿಮೆಯೇ ಬಂತು. ಫಲಿತಾಂಶವನ್ನು 2014ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರೂ ಪರಿಶೀಲಿಸುವಂತಾಯಿತು. ಬೇರೆ ಕಂಪನಿ ಆಗಿದ್ದರೆ ಇಡೀ ಕಟ್ಟಡಕ್ಕೆ ಹೊಸದನ್ನು ಹಾಕಿ, ‘ಭಾರೀ ಉಳಿತಾಯ’ ಎಂದು ಪತ್ರಿಕಾ ಹೇಳಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಯಾವುದಕ್ಕೆ ಹೋಲಿಸಿದರೆ ಉಳಿತಾಯ ಎಂದು ಯಾರೂ ಕೇಳುತ್ತಿರಲಿಲ್ಲ.

ಇದೇ ಇನ್ಫೊಸಿಸ್ 2015ರಲ್ಲಿ, ಶೇ 100ರಷ್ಟು ನವೀಕರಿಸಬಹುದಾದ ವಿದ್ಯುತ್ ಬಳಸುವ ಶಪಥದ ಆರ್‌ಇ100 ಕೂಟ ಸೇರಿದ ಮೊದಲ ಭಾರತೀಯ ಕಂಪನಿಯಾಯಿತು. 2020ರಲ್ಲಿ ತಾನು ಇಂಗಾಲ ತಟಸ್ಥವಾದೆನೆಂದು ಘೋಷಿಸಿತು. ತಾನೇ ಇಳಿಸಲಾಗದೆ ಉಳಿದ ಇಂಗಾಲಕ್ಕೆ ಪ್ರತಿಯಾಗಿ ಹಳ್ಳಿಮನೆಗಳಿಗೆ ಗೋಬರ್ ಗ್ಯಾಸ್ ಘಟಕ, ಸುಧಾರಿತ ಒಲೆಗಳಂಥ ಯೋಜನೆಗಳಿಗೆ ಹಣ ಹಾಕಿತು. ಒಲೆಯ ಹೊಗೆ ಕಡಿಮೆಯಾದರೆ ಆ ಮನೆಯ ಹೆಂಗಸಿನ ಶ್ವಾಸಕೋಶಕ್ಕೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಪೋಚಾರಂನ ಎರಡು ಮೀಟರುಗಳ ಮೇಲೆ ಇರುವ ನಂಬಿಕೆ ‘ತಟಸ್ಥ’ ಎಂಬ ಪದದ ಮೇಲಿಲ್ಲ. ಒಂದು, ಕಣ್ಣೆದುರು ಇಳಿದದ್ದು. ಇನ್ನೊಂದು, ಆಗದೇ ಹೋಗಿದ್ದನ್ನು ಅಂದಾಜು ಮಾಡಿ ಬರೆದ ಲೆಕ್ಕ.

ಯಾವ ಊರಿನ ಕರೆಂಟು, ಯಾವ ಹೊತ್ತಿನ ಕರೆಂಟು

ಬೆಂಗಳೂರಿನಲ್ಲಿ ಬರೆದ ಕೋಡ್ ಬಹುಪಾಲು ಓಡುವುದು ಬೆಂಗಳೂರಿನಲ್ಲಲ್ಲ. ಭಾರತದ ದೊಡ್ಡ ಡೇಟಾ ಸೆಂಟರ್‌ಗಳು ಸಮುದ್ರದಡಿಯ ಕೇಬಲ್‌ಗಳು ದಡ ಮುಟ್ಟುವ ಮುಂಬೈ, ಚೆನ್ನೈಗಳಲ್ಲಿವೆ. ವಿದೇಶಿ ಗ್ರಾಹಕರ ಕೆಲಸವಾದರೆ ಅದು ಅಮೆರಿಕದ ವರ್ಜೀನಿಯಾದಲ್ಲೋ ಐರ್ಲೆಂಡಿನಲ್ಲೋ ಓಡುತ್ತದೆ. ಐರ್ಲೆಂಡಿನ ಅಂಕಿಅಂಶ ಇಲಾಖೆಯ ಪ್ರಕಾರ 2015ರಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ಶೇ 5ರಷ್ಟಿದ್ದ ಡೇಟಾ ಸೆಂಟರ್‌ಗಳ ಪಾಲು 2023ರಲ್ಲಿ ಶೇ 21ಕ್ಕೆ ಏರಿತು. ಪಟ್ಟಣಗಳ ಎಲ್ಲ ಮನೆಗಳನ್ನು ಕೂಡಿಸಿದರೂ ಅಷ್ಟಾಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್ ಬರೆದ ಒಂದು ಒರಟು ಡೇಟಾಬೇಸ್ ಪ್ರಶ್ನೆ ಡಬ್ಲಿನ್ನಿನ ಗ್ರಿಡ್ಡಿಗೆ ಭಾರ. ಆದರೆ ಅದು ಸಾಮಾನ್ಯವಾಗಿ ಆ ಎಂಜಿನಿಯರಿನ ಕಂಪನಿಯ ಇಂಗಾಲದ ಖಾತೆಗೆ ಬರುವುದಿಲ್ಲ, ಗ್ರಾಹಕರ ಖಾತೆಗೆ ಹೋಗುತ್ತದೆ. ಸಾಫ್ಟ್‌ವೇರ್ ರಫ್ತನ್ನೇ ಉಸಿರಾಡುವ ನಗರ ಇದರ ಬಗ್ಗೆ ಇನ್ನಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನಿಸುತ್ತದೆ. ಕೋಡಿನ ಇಂಗಾಲವನ್ನು ಪ್ರತಿ ವ್ಯವಹಾರಕ್ಕೆ ಇಷ್ಟು ಎಂದು ಅಳೆಯುವ ಒಂದು ಮಾನದಂಡಕ್ಕೆ 2024ರಲ್ಲಿ ಐಎಸ್‌ಒ ಮುದ್ರೆಯೂ ಬಿದ್ದಿದೆ. ಅಳತೆಗೋಲು ಸಿದ್ಧವಿದೆ.

ಅದೇ ಕೆಲಸವನ್ನು ಜಲವಿದ್ಯುತ್ತಿನ ಸ್ವೀಡನ್ನಿನಲ್ಲಿ ಮಾಡಿಸಿದರೆ ಯೂನಿಟ್ಟಿಗೆ ಹತ್ತಾರು ಗ್ರಾಂ ಇಂಗಾಲ, ಕಲ್ಲಿದ್ದಲಿನ ಮುಂಬೈಯಲ್ಲಿ ಏಳುನೂರು ಗ್ರಾಂ. ಹಾಗಾದರೆ ಎಲ್ಲವನ್ನೂ ಸ್ವೀಡನ್ನಿಗೆ ಒಯ್ಯೋಣವೇ? ಆಗದು. ಪಾವತಿ ವ್ಯವಹಾರಗಳ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಆದೇಶಿಸಿದೆ. ಊರು ಬದಲಿಸಲಾಗದವರು ಹೊತ್ತು ಬದಲಿಸಬಹುದು.

ನಮ್ಮ ರಾಜ್ಯದ ಮಟ್ಟಿಗೆ ಇದು ಬಹಳ ಮುಖ್ಯ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟಿನದು. ರೈತರಿಂದ ಗುತ್ತಿಗೆಗೆ ಪಡೆದ ಬರದ ನೆಲದಲ್ಲಿ ನಿಂತಿದೆ. ಮಧ್ಯಾಹ್ನ ಗ್ರಿಡ್ಡಿನಲ್ಲಿ ಬಿಸಿಲಿನ ಕರೆಂಟು ಧಾರಾಳ. ಸೂರ್ಯ ಮುಳುಗಿದ ಮೇಲೆ ಶರಾವತಿಯ ನೀರು, ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಭಾರ ಹೊರಬೇಕು. ಮಳೆಗಾಲದಲ್ಲಿ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ರಾತ್ರಿಯೂ ಕೈಹಿಡಿಯುತ್ತವೆ ನಿಜ, ಬೇಸಿಗೆಯಲ್ಲಿ ಅಷ್ಟಿಲ್ಲ. ನಮ್ಮ ಐಟಿಯ ಹಳೆಯ ಅಭ್ಯಾಸ ನೋಡಿದರೆ, ಭಾರದ ಕೆಲಸಗಳೆಲ್ಲ ರಾತ್ರಿಗೆ: ಬ್ಯಾಕಪ್, ವರದಿ ತಯಾರಿ, ವಿಶ್ಲೇಷಣೆ. ಹಗಲು ಜನ ಕಂಪ್ಯೂಟರ್ ಬಳಸುವಾಗ ನಿಧಾನವಾಗಬಾರದು ಎಂದು ದಶಕಗಳ ಹಿಂದೆ ಮಾಡಿಕೊಂಡ ಏರ್ಪಾಡು ಅದು. ಬ್ಯಾಂಕಿನ ದಿನದ ಲೆಕ್ಕ ಮುಗಿಸುವ ಕೆಲಸವನ್ನು ಮಧ್ಯಾಹ್ನ ಮಾಡಲಾಗದು. ಆದರೆ ವಾರಕ್ಕೊಮ್ಮೆ ಓಡುವ ವಿಶ್ಲೇಷಣೆ, ವಿಡಿಯೊ ಸಂಸ್ಕರಣೆ, ಎಐ ಮಾದರಿಯ ತರಬೇತಿ ಇವಕ್ಕೆ ನಡುರಾತ್ರಿಯ ಮುಹೂರ್ತವೇನೂ ಬೇಕಿಲ್ಲ.

ಗೂಗಲ್ 2020ರಲ್ಲೇ ತುರ್ತಲ್ಲದ ಕೆಲಸಗಳನ್ನು ಶುದ್ಧ ವಿದ್ಯುತ್ ಹೆಚ್ಚಿರುವ ಹೊತ್ತಿಗೆ ಸರಿಸತೊಡಗಿತು. ಭಾರತದಲ್ಲಿ ಕೇಂದ್ರದ 2023ರ ವಿದ್ಯುತ್ ನಿಯಮಗಳು 10 ಕಿಲೊವಾಟ್ ಮೀರಿದ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಹೊತ್ತಿಗೆ ತಕ್ಕ ದರ ಇರಬೇಕೆನ್ನುತ್ತವೆ: ಬಿಸಿಲಿನ ಗಂಟೆಗಳಲ್ಲಿ ಮಾಮೂಲಿಗಿಂತ ಕನಿಷ್ಠ ಶೇ 20 ಅಗ್ಗ, ಬೇಡಿಕೆ ಏರಿದ ಗಂಟೆಗಳಲ್ಲಿ ಕನಿಷ್ಠ ಶೇ 20 ದುಬಾರಿ. ರಾಜ್ಯಗಳ ಆಯೋಗಗಳು ಇದನ್ನು ಪೂರ್ತಿ ಜಾರಿಗೆ ತಂದಂತೆಲ್ಲ ಮಧ್ಯಾಹ್ನದ ಬ್ಯಾಕಪ್ ಪರಿಸರ ವಿಭಾಗದ ಕೋರಿಕೆಯಾಗಿ ಉಳಿಯದು, ಹಣಕಾಸು ವಿಭಾಗದ್ದೇ ಆಗುತ್ತದೆ. ‘ವರ್ಷಕ್ಕೆ ಬಳಸುವಷ್ಟೇ ಸೌರ ವಿದ್ಯುತ್ ಕೊಳ್ಳುತ್ತೇವೆ’ ಎಂಬ ಹೇಳಿಕೆಯ ಹುಳುಕೂ ಇಲ್ಲೇ ಇದೆ. ವರ್ಷದ ಲೆಕ್ಕ ಸರಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಉರಿದ ಕಲ್ಲಿದ್ದಲು ಉರಿದೇ ಇರುತ್ತದೆ.

ನೀರಿನ ಮಾತೂ ಒಂದಿದೆ. ನೀರು ಆವಿಯಾಗಿಸಿ ತಂಪು ಮಾಡಿದರೆ ಡೇಟಾ ಸೆಂಟರಿನ ಕರೆಂಟು ಉಳಿಯುತ್ತದೆ, ಪಿಯುಇ ಸುಂದರವಾಗುತ್ತದೆ, ನೀರು ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇಲ್ಲಿಗೆ ಕಾವೇರಿ ಬರುವುದೇ ನೂರು ಕಿಲೊಮೀಟರ್ ದೂರದಿಂದ, ಪಂಪುಗಳ ಬಲದಿಂದ ಮೇಲೇರಿ. ಬೆಂಗಳೂರಿನಲ್ಲಿ ನೀರು ಎಂದರೆ ಅದೂ ಕರೆಂಟೇ.

ದೊಡ್ಡವರ ಶಪಥ

ಇಷ್ಟೆಲ್ಲ ಬಲ್ಲ ಕಂಪನಿಗಳ ಗತಿ ಏನಾಯಿತು? ಮೈಕ್ರೊಸಾಫ್ಟ್ 2020ರಲ್ಲಿ, 2030ರ ಹೊತ್ತಿಗೆ ತಾನು ಉಗುಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಗಾಳಿಯಿಂದ ತೆಗೆಯುತ್ತೇನೆ ಎಂದು ಶಪಥ ಮಾಡಿತು. 2024ರಲ್ಲಿ ಅದೇ ಪ್ರಕಟಿಸಿದ ವರದಿಯ ಪ್ರಕಾರ ಅದರ ಉತ್ಸರ್ಜನೆ 2020ಕ್ಕಿಂತ ಶೇ 29ರಷ್ಟು ಹೆಚ್ಚಿತ್ತು. ಗೂಗಲ್‌ನದು 2019ಕ್ಕೆ ಹೋಲಿಸಿದರೆ 2023ರಲ್ಲಿ ಶೇ 48 ಏರಿಕೆ. ಹೊಸ ಡೇಟಾ ಸೆಂಟರ್‌ಗಳ ಸಿಮೆಂಟು, ಉಕ್ಕು, ಚಿಪ್ಪು, ಅವು ಉಣ್ಣುವ ಕರೆಂಟು ಇದಕ್ಕೆ ಕಾರಣ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು 41,500 ಕೋಟಿ ಯೂನಿಟ್, ಜಗತ್ತಿನ ಒಟ್ಟು ವಿದ್ಯುತ್ತಿನ ಸುಮಾರು ಶೇ 1.5. 2030ಕ್ಕೆ ಅದು 94,500 ಕೋಟಿ ಯೂನಿಟ್ ಆಗಬಹುದಂತೆ, ಈಗಿನ ಇಡೀ ಜಪಾನ್ ಬಳಸುವುದಕ್ಕಿಂತ ತುಸು ಹೆಚ್ಚು. ಮಿತವ್ಯಯ ಹೆಚ್ಚಿದಷ್ಟೂ ಬಳಕೆ ಏರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ 1865ರಲ್ಲೇ ಬರೆದಿದ್ದರು.

ಹಾಗೆಂದು ಮೈಕ್ರೊಸಾಫ್ಟಿನಿಂದ ಕಲಿಯುವುದಿಲ್ಲವೆಂದಲ್ಲ. 2012ರಿಂದ ಅದು ತನ್ನ ಒಳಗಿನ ವಿಭಾಗಗಳಿಗೆ ಇಂಗಾಲದ ಶುಲ್ಕ ಹಾಕುತ್ತಿದೆ. ವಿಭಾಗ ಎಷ್ಟು ಉಗುಳಿತೋ ಅಷ್ಟು ಹಣ ಅದರ ಬಜೆಟ್ಟಿನಿಂದಲೇ ಕಡಿತ. ಶುಲ್ಕ ಸಾಲಲಿಲ್ಲ ಎನ್ನಬಹುದು, ದಾರಿ ತಪ್ಪು ಎನ್ನಲಾಗದು. ಕೊಂಡವರಿಗೆ ಬಿಲ್ ತೋರಿಸುವ ಇಷ್ಟು ನೇರವಾದ ಉಪಾಯ ಬೇರೆ ಕಡಿಮೆ.

ಎಐ ಬಗ್ಗೆ ನಮ್ಮ ಕಚೇರಿಗಳಲ್ಲಿ ಈಗ ಎರಡು ಅತಿಗಳಿವೆ. ಎಲ್ಲರಿಗೂ ಎಐ ಸಹಾಯಕ ಕೊಟ್ಟುಬಿಡಿ ಎನ್ನುವವರು, ಒಂದು ಪ್ರಶ್ನೆ ಕೇಳಿದರೂ ಭೂಮಿ ಬೆಂದುಹೋಗುತ್ತದೆ ಎನ್ನುವವರು. ಗೂಗಲ್ 2025ರಲ್ಲಿ ಹೇಳಿಕೊಂಡಂತೆ ಅದರ ಜೆಮಿನಿಗೆ ಕೇಳುವ ಸಾಮಾನ್ಯ ಪಠ್ಯಪ್ರಶ್ನೆಯೊಂದಕ್ಕೆ ತಗಲುವುದು 0.24 ವಾಟ್-ಗಂಟೆ. ಒಬ್ಬ ಉದ್ಯೋಗಿ ದಿನಕ್ಕೆ 50 ಪ್ರಶ್ನೆಯಂತೆ 250 ದಿನ ಕೇಳಿದರೆ ವರ್ಷಕ್ಕೆ 3 ಯೂನಿಟ್. 20,000 ಉದ್ಯೋಗಿಗಳಿಗೆ 60,000 ಯೂನಿಟ್, ನಮ್ಮ ಗ್ರಿಡ್ಡಿನ ಲೆಕ್ಕದಲ್ಲಿ 42 ಟನ್ ಇಂಗಾಲ. ಲ್ಯಾಪ್‌ಟಾಪಿನ ಆಯಸ್ಸು ಎರಡು ವರ್ಷ ಹೆಚ್ಚಿಸಿದರೆ ಉಳಿಯುವುದು 530 ಟನ್ ಎಂದು ಮೇಲೆ ನೋಡಿದೆವಲ್ಲ, ಅದರ ಹನ್ನೆರಡನೇ ಒಂದು ಪಾಲೂ ಅಲ್ಲ. ಮಾದರಿಗೆ ತರಬೇತಿ ಕೊಡುವ ಖರ್ಚು ಇದರಲ್ಲಿಲ್ಲ. ಗಂಟೆಗಟ್ಟಲೆ ತಾನಾಗಿ ಕೋಡ್ ಬರೆಯುವ ಎಐ ಏಜೆಂಟುಗಳು ಒಂದು ಪ್ರಶ್ನೆಗಿಂತ ಎಷ್ಟೋ ಪಟ್ಟು ಉಣ್ಣುತ್ತವೆ. ಆದ್ದರಿಂದ ಈ 42 ನಾಳೆ 400 ಆಗಲೂಬಹುದು. ಆದರೆ ಅಳೆಯದೆ ಭಯಪಡುವವರು ಎದುರಿಗಿರುವ ದೊಡ್ಡ ಸಂಖ್ಯೆಯನ್ನು ಬಿಟ್ಟು ಸಣ್ಣದರ ಬೆನ್ನು ಹತ್ತುತ್ತಾರೆ.

ಷೇರುಪೇಟೆಯ ಮೊದಲ 1,000 ಕಂಪನಿಗಳು ಸುಸ್ಥಿರತೆಯ ವರದಿ ಸಲ್ಲಿಸಲೇಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ತಾವು ನೇರವಾಗಿ ಉರಿಸಿದ ಇಂಧನ, ಕೊಂಡ ವಿದ್ಯುತ್ ಎರಡರ ಲೆಕ್ಕ ಕಡ್ಡಾಯ. ಕೊಂಡ ಲ್ಯಾಪ್‌ಟಾಪು, ಬಾಡಿಗೆ ಕ್ಲೌಡುಗಳ ಇಂಗಾಲ ಬರುವ ಮೂರನೇ ವರ್ಗದ ಲೆಕ್ಕವನ್ನು ಐಚ್ಛಿಕ ಸೂಚಕಗಳಲ್ಲಿ ಸೇರಿಸಿದೆ. ಐಟಿಯ ಬಹುಪಾಲು ಇಂಗಾಲ ಕೂತಿರುವುದೇ ಆ ಮೂರನೇ ವರ್ಗದಲ್ಲಿ. ಸ್ವಂತ ಸರ್ವರ್ ಕೋಣೆ ಮುಚ್ಚಿ ಕ್ಲೌಡಿಗೆ ಹೋದ ಕಂಪನಿಯ ಕಡ್ಡಾಯ ಅಂಕಿ ಥಟ್ಟನೆ ಇಳಿಯುತ್ತದೆ, ಇಂಗಾಲ ಬೇರೊಂದು ಪುಟಕ್ಕೆ ಹೋಗಿರುತ್ತದೆ.

ಕಚೇರಿಯ ಪಂಚಾಂಗವೂ ತಲೆಕೆಳಗಾಗಿದೆ. ಐಟಿ ಬಜೆಟ್ಟಿನ ಚೌಕಾಸಿ ನಡೆಯುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಸುಸ್ಥಿರತೆಯ ವರದಿ ಅಂತಿಮವಾಗುವುದು ವರ್ಷ ಮುಗಿದ ಮೇಲೆ, ಮೇ ಅಥವಾ ಜೂನ್‌ನಲ್ಲಿ. ಅಷ್ಟೊತ್ತಿಗೆ ಹೊಸ ವರ್ಷದ ಆರ್ಡರುಗಳು ಹೊರಟಿರುತ್ತವೆ. ವರದಿ ಬರೆಯುವವರನ್ನು ಫೆಬ್ರುವರಿಯ ಮೀಟಿಂಗಿಗೆ ಕರೆಯುವುದು ಮೊದಲ ಕೆಲಸ. ಬರೀ ಕರೆದರೆ ಸಾಲದು, ಆರ್ಡರ್ ತಡೆಹಿಡಿಯುವ ಅಧಿಕಾರವನ್ನೂ ಕೊಡಬೇಕು. ಎರಡನೆಯದು ಇನ್ನೂ ಸಣ್ಣದು. ಖರೀದಿಯ ನಮೂನೆಯಲ್ಲಿ ಈಗ ಬೆಲೆ, ವಾರಂಟಿ, ಸರಬರಾಜಿನ ದಿನಾಂಕಗಳ ಕಾಲಂ ಇರುತ್ತವೆ. ಅದಕ್ಕೆ ಇನ್ನೆರಡು ಸೇರಬೇಕು: ಎಷ್ಟು ವರ್ಷ ಬಳಸುತ್ತೇವೆ, ಯಾವ ದಿನ ಯಾರು ಆರಿಸುತ್ತಾರೆ. ಎರಡನೇ ಕಾಲಮಿನಲ್ಲಿ ವಿಭಾಗದ ಹೆಸರು ಬರೆದರೆ ಅರ್ಜಿ ವಾಪಸು ಹೋಗಬೇಕು. ಅಲ್ಲಿ ಒಬ್ಬ ಮನುಷ್ಯನ ಹೆಸರು ಬೇಕು, ಆತ ಕಂಪನಿ ಬಿಡುವಾಗ ಲ್ಯಾಪ್‌ಟಾಪಿನ ಜೊತೆಗೆ ಆ ಹೆಸರನ್ನೂ ಇನ್ನೊಬ್ಬರಿಗೆ ಸಹಿ ಹಾಕಿಸಿ ದಾಟಿಸಬೇಕು.